ಮೂರನೇ ಹಾಸಿಗೆಯ ಗೆರೆ

ಆಗಸ್ಟ್ 19, 2002, ಸೋಮವಾರ

ತಿಂಗಳ ತಪಾಸಣೆ. ಹತ್ತು ಗಂಟೆಗೆ ಕುವೆಂಪುನಗರದ ನರ್ಸಿಂಗ್ ಹೋಮ್. ನಮ್ಮ ಕಂಪನಿಯ ಆರು ಹೃದಯ ಮಾನಿಟರ್‌ಗಳು ಅಲ್ಲಿವೆ, ಹಾಸಿಗೆಗೊಂದು. ಪರದೆ ಒರೆಸುವುದು, ವೈರ್ ನೋಡುವುದು, ಅಲಾರಂ ಕೂಗಿಸುವುದು. ಐದು ಮುಗಿದವು. ಮೂರನೇ ಹಾಸಿಗೆಯದು ಉಳಿಯಿತು. ಹಾಸಿಗೆ ಖಾಲಿ. ಬೇರೆ ಎದೆ ಇಲ್ಲದ್ದರಿಂದ ವೈರ್‌ಗಳನ್ನು ನನ್ನ ಎದೆಗೇ ಅಂಟಿಸಿಕೊಂಡೆ. ಗೆರೆ ಬಂತು. ಎಂಬತ್ತೆರಡು. ಮೆಟ್ಟಿಲು ಹತ್ತಿ ಬಂದಿದ್ದೆ, ಸರಿಯೇ. ಅಲಾರಂ ನೋಡಲು ವೈರ್ ಕಿತ್ತೆ.

ಗೆರೆ ನಿಲ್ಲಲಿಲ್ಲ.

ವೈರ್ ಕೈಯಲ್ಲಿದೆ. ಎದೆಯ ಮೇಲೆ ಏನೂ ಇಲ್ಲ. ಪರದೆಯಲ್ಲಿ ನನ್ನ ಹೃದಯ ಓಡುತ್ತಲೇ ಇದೆ. ಎಂಬತ್ತೆರಡು, ಹಸಿರು ದೀಪ. ಎಷ್ಟು ಹೊತ್ತು ಎಂದು ಗಡಿಯಾರ ನೋಡುವ ಬುದ್ಧಿ ಬರಲಿಲ್ಲ. ಆಮೇಲೆ ಗೆರೆ ಮಲಗಿತು. ಅಲಾರಂ ಕೂಗಿತು.

ಮತ್ತೆ ಅಂಟಿಸಿ ಕಿತ್ತೆ. ತಕ್ಷಣ ಮಲಗಿತು. ಮತ್ತೊಮ್ಮೆ. ತಕ್ಷಣ. ಇನ್ನೊಮ್ಮೆ... ಓಡಿತು.

ಯಾರಿಗೂ ಹೇಳದೆ ಬಂದೆ. ಏನೆಂದು ಹೇಳುವುದು?

ಆಗಸ್ಟ್ 20

ಕಚೇರಿ ಎಂದರೆ ವಿದ್ಯಾರಣ್ಯಪುರಂನಲ್ಲಿ ಸದಾಶಿವಯ್ಯನವರ ಮನೆಯ ಮಹಡಿ. ನಾವು ಮೂವರು. ಅವರು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವುದನ್ನು ಬಿಟ್ಟು ಕಂಪನಿ ಮಾಡಿದವರು. ಎದೆಯ ಸಂಕೇತ ಹಿಡಿಯುವ ಕಾರ್ಡ್ ಅವರದು. ಆ ಕಾರ್ಡನ್ನೂ, ಯಂತ್ರ ನಡೆಸುವ ಮೂಲ ಪ್ರೋಗ್ರಾಂ ಆದ ಲಿನಕ್ಸ್ ಕರ್ನಲನ್ನೂ ಮಾತಾಡಿಸುವ ಡ್ರೈವರ್ ನನ್ನದು. ಪರದೆಯ ಮೇಲೆ ಗೆರೆ ಎಳೆಯುವ ಪ್ರೋಗ್ರಾಂ ಸುಷ್ಮಾಳದು.

ಹೇಳಿದೆ.

"ವೈರ್ ಪೂರ್ತಿ ಕಿತ್ತಿದ್ಯೇನೋ?" ಸದಾಶಿವಯ್ಯ ಕೇಳಿದರು.

"ಕೈಲಿತ್ತು ಸಾರ್."

"ಒಂದು ತುದಿ ಚರ್ಮಕ್ಕೆ ತಾಕ್ತಿರ್ಬೇಕು ಕಣೋ."

ಸುಷ್ಮಾ ತಲೆ ಎತ್ತದೆ, "ಮೌಳಿ ಸಾರ್ ಹೃದಯ ಅಷ್ಟು ಸುಲಭಕ್ಕೆ ಸೋಲೊಪ್ಪಲ್ಲ ಬಿಡಿ" ಅಂದಳು. ನಕ್ಕರು. ನಾನೂ ನಕ್ಕೆ.

ಟೇಬಲ್ ಮೇಲಿನ ಯಂತ್ರದಲ್ಲಿ ದಿನವಿಡೀ ಕಿತ್ತೆ, ಅಂಟಿಸಿದೆ. ಒಮ್ಮೆಯೂ ಸುಳ್ಳಾಡಲಿಲ್ಲ. ಎದೆಯ ಕೂದಲು ಹೋದದ್ದೇ ಲಾಭ.

ಗೊತ್ತಿರುವ ಒಂದೇ ವ್ಯತ್ಯಾಸ: ಉಳಿದ ಐದರಲ್ಲಿ ಹಳೆಯ ಪಿಸಿ ಬೋರ್ಡ್. ಮೂರನೆಯದರ ಬೋರ್ಡ್ ಜುಲೈನಲ್ಲಿ ಸುಟ್ಟುಹೋಗಿ, ಹೊಸ ಸಣ್ಣ ಬೋರ್ಡ್ ಹಾಕಿದೆವು. ಹಳೆಯ ಬಗೆಯದು ತಯಾರಾಗುವುದೇ ನಿಂತಿದೆ. ಆದರೆ ಟೇಬಲ್ ಮೇಲಿರುವುದೂ ಹೊಸ ಬೋರ್ಡೇ. ಅದು ಸರಿಯಾಗಿದೆಯಲ್ಲ.

ಆಗಸ್ಟ್ 23

ಏನೂ ಸಿಕ್ಕಿಲ್ಲ. ಸದಾಶಿವಯ್ಯ ಈ ವಿಷಯ ಮುಗಿಯಿತು ಎಂಬಂತೆ ಇದ್ದಾರೆ. ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಪ್ರೇಮಲೀಲಾ, "ಏನ್ರೀ ಅದು, ನಿಮ್ ನಾಡಿ ನೀವೇ ಹಿಡ್ಕೊಂಡ್ ಕೂತಿದೀರ?" ಅಂದಳು. ಗೊತ್ತೇ ಆಗಿರಲಿಲ್ಲ. ಕೈ ಬಿಟ್ಟೆ.

ಆಗಸ್ಟ್ 26, ಸೋಮವಾರ

ನರ್ಸಿಂಗ್ ಹೋಮ್‌ಗೆ ಫೋನ್ ಮಾಡಿದೆ. ಮೂರನೆಯ ಯಂತ್ರ ಖಾಲಿ ಇದ್ದರೆ ಎರಡು ದಿನಕ್ಕೆ ತರುತ್ತೇನೆ ಎಂದು. ಖಾಲಿ ಇಲ್ಲ. ಶನಿವಾರ ಒಬ್ಬರು ಸೇರಿದ್ದಾರೆ. ಪುಟ್ಟಸ್ವಾಮಿ, ಮಾರ್ಕೆಟ್‌ನಲ್ಲಿ ವೀಳ್ಯದೆಲೆ ವ್ಯಾಪಾರ, ಎರಡನೇ ಸಲದ ಹೃದಯಾಘಾತ.

ಆ ಯಂತ್ರಕ್ಕೇ ಕಟ್ಟಿದ್ದಾರೆ.

ಆಗಸ್ಟ್ 27, ಸಂಜೆ 4

ಸಿಕ್ಕಿತು. 

ನಮ್ಮಲ್ಲೊಂದು ರೂಢಿ. ಟೇಬಲ್ ಮೇಲೆ ಪರೀಕ್ಷೆ ಮಾಡುವಾಗ ಡ್ರೈವರ್ ತಾನು ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಒಂದು ಫೈಲ್‌ಗೆ ಪ್ರಿಂಟ್ ಮಾಡುತ್ತಿರುತ್ತದೆ. ಯಂತ್ರ ಹೊರಗೆ ಹೋಗುವ ದಿನ ಆ ಪ್ರಿಂಟ್ ನಿಲ್ಲಿಸುತ್ತೇವೆ. ಸದಾಶಿವಯ್ಯ ಇದಕ್ಕೆ "ಬಾಯಿ ಮುಚ್ಚಿಸೋದು" ಅನ್ನುತ್ತಾರೆ. ಬಾಯಿ ಮುಚ್ಚಿಸಿದ ಯಂತ್ರವನ್ನು ನಾವು ಯಾವತ್ತೂ ಪರೀಕ್ಷಿಸಿಲ್ಲ. ಪರೀಕ್ಷೆ ಮುಗಿದ ಮೇಲೆ ತಾನೇ ಮುಚ್ಚಿಸುವುದು.

ಮಧ್ಯಾಹ್ನ ಪ್ರಿಂಟ್ ನಿಲ್ಲಿಸಿ ವೈರ್ ಕಿತ್ತೆ. ಗೆರೆ ಓಡಿತು. ಸುಷ್ಮಾಳನ್ನು ಕರೆದೆ. ಎರಡನೆಯ ಸಲ ಇನ್ನೂ ಹೆಚ್ಚು ಹೊತ್ತು ಓಡಿತು. ಅವಳು ನಗಲಿಲ್ಲ.

ಕಾರಣ ಬರೆದಿಡುತ್ತೇನೆ. ಕಾರ್ಡ್ ಹೊಸ ಬಡಿತಗಳನ್ನು ಮೆಮೊರಿಯ ಒಂದು ಪುಟದಲ್ಲಿ ನೇರವಾಗಿ ಹಾಕುತ್ತದೆ, ಪ್ರೊಸೆಸರನ್ನು ಕೇಳುವುದಿಲ್ಲ. ಅದೇ ಪುಟವನ್ನು ಡ್ರೈವರ್ ಸುಷ್ಮಾಳ ಪ್ರೋಗ್ರಾಂಗೆ ಮ್ಯಾಪ್ ಮಾಡಿಕೊಡುತ್ತದೆ, ಅಂದರೆ ಒಳಗೆ ಬರಲು ಬಾಗಿಲು ತೆರೆಯುತ್ತದೆ, ಅವಳ ಪ್ರೋಗ್ರಾಂ ಅಲ್ಲಿಂದ ಓದಿ ಗೆರೆ ಎಳೆಯುತ್ತದೆ. ಆದರೆ ಪ್ರೊಸೆಸರ್ ವೇಗಕ್ಕಾಗಿ ಆ ಪುಟದ ನಕಲೊಂದನ್ನು ತನ್ನ ಹತ್ತಿರ ಇಟ್ಟುಕೊಂಡು ಅದನ್ನೇ ಓದಿಸುತ್ತದೆ. ಹಳೆಯ ಬೋರ್ಡ್‌ನಲ್ಲಿ, ಕಾರ್ಡ್ ಹೊಸದು ಬರೆದ ತಕ್ಷಣ ನಕಲು ತಾನಾಗಿ ರದ್ದಾಗುತ್ತಿತ್ತು. ಹೊಸದರಲ್ಲಿ ಆಗುವುದಿಲ್ಲ. ಪ್ರಿಂಟ್ ಓಡುತ್ತಿದ್ದರೆ ಅದರ ಸಾಲುಗಳು ನಕಲನ್ನು ಆಚೆ ತಳ್ಳುತ್ತವೆ, ತಪ್ಪು ಕಾಣುವುದಿಲ್ಲ. ಬಾಯಿ ಮುಚ್ಚಿದರೆ ನಕಲು ಅಲ್ಲೇ ಕೂರುತ್ತದೆ. ನಾಲ್ಕು ಸೆಕೆಂಡಿನ ಹಳೆಯ ಬಡಿತ, ಸುತ್ತಿ ಸುತ್ತಿ ಅದೇ. ಅಲಾರಂ ಕೂಡ ಅದೇ ನಕಲನ್ನು ನೋಡಿ ನಿರ್ಧರಿಸುತ್ತದೆ. ಆದ್ದರಿಂದ ಕೂಗುವುದಿಲ್ಲ.

ಪುಟ್ಟಸ್ವಾಮಿಯವರ ಎದೆ ನಿಂತರೂ ಗೆರೆ ಓಡಬಹುದು. ಇದಿಷ್ಟೇ ವಿಷಯ.

ಆಗಸ್ಟ್ 27, ಸಂಜೆ 6

ಸದಾಶಿವಯ್ಯ ಕರ್ನಲ್ ಜೊತೆ ಬರುವ ದಾಖಲೆಯ ಪ್ರಿಂಟ್‌ಔಟ್ ತಂದು ಟೇಬಲ್ ಮೇಲೆ ಹಾಕಿದರು.

"ನೋಡು ಇಲ್ಲಿ. ಸಾಧನದ ಮೆಮೊರಿಗೆ ನಕಲು ಇಟ್ಕೋಬೇಡಿ. ಸಾಧನದ್ದು! ಅಂದ್ರೆ ಕಾರ್ಡ್ ಒಳಗಿರೋ ರಿಜಿಸ್ಟರ್‌ಗಳು. ನಮ್ಮ ಪುಟ ಇರೋದು ಮಾಮೂಲಿ ರ್‍ಯಾಮ್‌ನಲ್ಲಿ. ಅದಕ್ಕೆ ಈ ನಿಯಮ ಇಲ್ಲ."

"ರ್‍ಯಾಮ್ ನಿಜ ಸಾರ್. ಬರೆಯೋದು ಮಾತ್ರ ಕಾರ್ಡು."

"ಅಂಗಂತ ಎಲ್ಲಿ ಬರ್ದವ್ರೆ?"

ಎಲ್ಲೂ ಬರೆದಿಲ್ಲ. ಅದೇ ತೊಂದರೆ. ಮೂರು ಸಲ ಓದಿದೆ. ಅವರ ಅರ್ಥಕ್ಕೂ ಜಾಗವಿದೆ, ನನ್ನ ಅರ್ಥಕ್ಕೂ ಜಾಗವಿದೆ. ಪತ್ರಿಕೆಯಲ್ಲಿ ಇಂಥ ವಾಕ್ಯ ಬಂದರೆ ಮರುದಿನ ಸ್ಪಷ್ಟೀಕರಣ ಹಾಕುತ್ತಾರೆ. ಇಲ್ಲಿ ಯಾರು ಹಾಕುತ್ತಾರೆ?

"ನರ್ಸಿಂಗ್ ಹೋಮ್‌ಗೆ ಹೇಳ್ಬೇಕು ಸಾರ್. ಈಗ್ಲೇ."

ಅವರು ಪ್ರಿಂಟ್‌ಔಟ್ ಮಡಚಿದರು. "ಒಂದ್ ವಾರ ಕೊಡು. ಸರಿ ಮಾಡ್ಕೊಂಡೇ ಹೋಗಿ ಹೇಳೋಣ. ಸುಳ್ಳು ಹೇಳೋ ಮಾನಿಟರ್ ಅಂತ ಒಂದ್ ಸಲ ಬಾಯಿಂದ ಬಾಯಿಗೆ ಹೋದ್ರೆ ಮೈಸೂರಲ್ಲಿ ಇನ್ಯಾರು ತಗೋತಾರಯ್ಯ ನಮ್ ಪೆಟ್ಟಿಗೆ?"

"ವಾರದೊಳಗೆ ಆ ಮನುಷ್ಯನಿಗೆ ಏನಾದ್ರೂ ಆದ್ರೆ?"

ಸದಾಶಿವಯ್ಯ ಕೆಳಗಿಳಿದು ಹೋದರು. ಸುಷ್ಮಾ ಹೇಳಿದಳು: "ನೀವು ಹೋಗ್ತೀರಾ, ನಾನ್ ಹೋಗ್ಲಾ?"

ಆಗಸ್ಟ್ 28

ಬೆಳಿಗ್ಗೆ ಸ್ಕೂಟರ್ ಹೊರತೆಗೆಯುತ್ತಿದ್ದೆ. ಸದಾಶಿವಯ್ಯ ಗೇಟಿನ ಹತ್ತಿರ ನಿಂತಿದ್ದರು. ಇಸ್ತ್ರಿ ಅಂಗಿ, ಹಣೆಯಲ್ಲಿ ವಿಭೂತಿ. "ನಡಿ, ನಾನೂ ಬರ್ತೀನಿ" ಅಂದರು. ಹಿಂದೆ ಕೂತರು.

ಡಾ. ಕೃಷ್ಣಸ್ವಾಮಿ ನರ್ಸಿಂಗ್ ಹೋಮ್‌ನ ಹಿರಿಯ ವೈದ್ಯರು. ಕುರ್ಚಿ ತೋರಿಸಿದರು, ಸದಾಶಿವಯ್ಯ ಕೂರಲಿಲ್ಲ. ನಿಂತೇ ಹೇಳಿದರು. ಅರ್ಧಕ್ಕೆ ನನ್ನತ್ತ ತಿರುಗಿದರು. ಉಳಿದದ್ದು ನಾನು ಹೇಳಿದೆ.

ಡಾಕ್ಟರಿಗೆ ಅರ್ಥವಾಗಲಿಲ್ಲ. "ಮೆಮೊರಿ ಅಂತೀರ, ನಕಲು ಅಂತೀರ. ನಂಗೆ ತಿಳಿಯೋ ಹಾಗೆ ಹೇಳಿ."

ಮೇಜಿನ ಮೇಲೆ ಪೇಪರ್ ಇತ್ತು. ಅದನ್ನೇ ತೋರಿಸಿದೆ. "ಪೇಪರಿನವನು ಇವತ್ತಿನದನ್ನ ಗೇಟಿನ ಹತ್ರ ಎಸೆದು ಹೋಗಿದಾನೆ ಸಾರ್. ಮನೆ ಯಜಮಾನರು ಎದ್ದು ಹೋಗೋಕೆ ಬೇಜಾರಾಗಿ ಟೀಪಾಯಿ ಮೇಲಿರೋ ನಿನ್ನೇದನ್ನೇ ಓದ್ತಿದಾರೆ. ಓದೋದ್ರಲ್ಲಿ ತಪ್ಪಿಲ್ಲ. ಪೇಪರ್ ಹಳೇದು."

"ಎಷ್ಟು ಹಳೇದು?"

"ಅದನ್ನ ಹೇಳಕ್ಕಾಗಲ್ಲ."

ಕನ್ನಡಕ ತೆಗೆದಿಟ್ಟರು. "ಇದನ್ನ ಹೇಳಕ್ಕೆ ಎಷ್ಟ್ ದಿನ ತಗೊಂಡ್ರಿ?" ನಾನು ಬಾಯಿ ತೆಗೆಯುವ ಮೊದಲೇ ಸದಾಶಿವಯ್ಯ, "ಅನುಮಾನ ಬಂದು ಒಂಬತ್ತು ದಿನ, ಗೊತ್ತಾಗಿ ಒಂದು ದಿನ. ಆ ಒಂದು ದಿನ ನನ್ನಿಂದ" ಅಂದರು.

ಆರೂ ಹಾಸಿಗೆ ಭರ್ತಿ. ಬೇರೆ ಮಾನಿಟರ್ ಇಲ್ಲ. ರೋಗಿಗಳನ್ನು ಅದಲುಬದಲು ಮಾಡೋಣವೆಂದರೆ, ಇದ್ದವರಲ್ಲಿ ಸ್ವಲ್ಪ ಗಟ್ಟಿ ಪುಟ್ಟಸ್ವಾಮಿಯವರೇ. ಯಂತ್ರ ಅಲ್ಲೇ ಇರಲಿ, ಆದರೆ ಒಬ್ಬರು ಸದಾ ನಾಡಿ ಹಿಡಿದಿರಬೇಕು ಎಂದು ತೀರ್ಮಾನವಾಯಿತು. ನರ್ಸ್‌ಗಳು ಸಾಲದು. ಪುಟ್ಟಸ್ವಾಮಿಯವರ ಹೆಂಡತಿ ಅಂಬುಜಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ನಾನ್ ಹಿಡ್ಕತೀನಿ ಬುಡಿ. ಮೂವತ್ ವರ್ಸ ಎಲೆ ಎಣ್ಸಿದ್ ಕೈ. ಮಾತಾಡ್ಕೊಂಡೇ ಎಣುಸ್ತೀನಿ."

ಪಕ್ಕದ ವಾರ್ಡಿನ ಒಳಗಿಂದ ಪುಟ್ಟಸ್ವಾಮಿ: "ಎಣ್ಸಿ ಎಣ್ಸಿ ಗಿರಾಕಿಗೆ ಎರಡ್ ಎಲೆ ಕಮ್ಮಿ ಹಾಕೋಳು ಇವ್ಳು! ನನ್ ಜೀವಕ್ಕೂ ಎರಡ್ ಕಮ್ಮಿ ಹಾಕ್ಬುಡ್ತಾಳೆ ನೋಡ್ಕಳಿ."

"ಸುಮ್ಕಿರಿ ಅತ್ಲಾಗೆ."

ಯಂತ್ರಕ್ಕೆ ಒಂದು ಚೀಟಿ ಅಂಟಿಸಬೇಕು. ಸದಾಶಿವಯ್ಯ ಬರೆದರು: ಕೆಲವು ಸಂದರ್ಭಗಳಲ್ಲಿ ಯಂತ್ರದ ಸೂಚನೆಯಲ್ಲಿ ವಿಳಂಬ ಸಂಭವಿಸಬಹುದು.

"ವಿಳಂಬ ಅಂದ್ರೆ ಬಸ್ಸು ತಡವಾಗಿ ಬಂದ ಹಾಗೆ ಸಾರ್. ಇದು ಬರದೇ ಇದ್ರೂ ಬಂದಿದೆ ಅನ್ನುತ್ತೆ."

ಪೆನ್ ನನ್ನ ಕೈಗೆ ಕೊಟ್ಟರು. ಬರೆದೆ: ಈ ಪರದೆ ಹಳೆಯ ಬಡಿತ ತೋರಿಸಬಹುದು. ನಂಬಬೇಡಿ. ನಾಡಿ ಹಿಡಿದು ನೋಡಿ.

ನಮ್ಮ ಕಂಪನಿಯ ಹೆಸರಿನ ಕೆಳಗೇ ಅಂಟಿಸಿದ್ದು. ಬೇರೆ ಜಾಗವಿರಲಿಲ್ಲ.

ಮಧ್ಯಾಹ್ನ ಬ್ರೌಸಿಂಗ್ ಸೆಂಟರ್‌ಗೆ ಹೋಗಿ ಕರ್ನಲ್ ಬರೆಯುವವರ ಇ-ಮೇಲ್ ಬಳಗಕ್ಕೆ, ಅವರ ಮೇಲಿಂಗ್ ಲಿಸ್ಟ್‌ಗೆ, ಬರೆದೆ. ಸಾಮಾನ್ಯ ಮೆಮೊರಿಯ ಪುಟ, ಬರೆಯುವುದು ಸಾಧನ, ಓದುವುದು ಬಳಕೆದಾರನ ಪ್ರೋಗ್ರಾಂ. ಹೇಗೆ ಮ್ಯಾಪ್ ಮಾಡಬೇಕು? ನಿಮ್ಮ ದಾಖಲೆ ಈ ಬಗ್ಗೆ ಏನೂ ಹೇಳುವುದಿಲ್ಲ. ಆಸ್ಪತ್ರೆ ಎಂದು ಬರೆಯಲಿಲ್ಲ. ಬರೆಯಬೇಕಿತ್ತೇನೋ.

ಆಗಸ್ಟ್ 30

ಉತ್ತರ ಬಂದಿದೆ. ಎರಡೇ ಸಾಲು. ನಿಮ್ಮ ಬಗೆಯ ಪ್ರೊಸೆಸರ್‌ನಲ್ಲಿ ಅಂಥ ಪುಟಕ್ಕೆ ನಕಲು ಇರಬಾರದು, ಇದು ಎಲ್ಲರಿಗೂ ಗೊತ್ತಿರುವುದೇ.

ಎಲ್ಲರಿಗೂ! ಎಲ್ಲರ ಪಟ್ಟಿಯಲ್ಲಿ ವಿದ್ಯಾರಣ್ಯಪುರಂ ಇಲ್ಲ.

ಸರಿ, ಅರ್ಥವಂತೂ ನನ್ನದೇ ನಿಂತಿತು. ಸುಷ್ಮಾಗೆ ಕೊಡುವ ಪುಟಕ್ಕೆ ನಕಲು ಬೇಡವೆಂದು ಗುರುತು ಹಾಕಿ ಡ್ರೈವರ್ ಬದಲಿಸಿದೆ. ಒಂದೇ ಸಾಲು. ಪ್ರಿಂಟ್ ಮುಚ್ಚಿಸಿಯೇ ಪರೀಕ್ಷೆ. ವೈರ್ ಕಿತ್ತಾಗೆಲ್ಲ ಗೆರೆ ಮಲಗುತ್ತಿದೆ. ಸದಾಶಿವಯ್ಯ ಕೆಳಗಿನಿಂದ ಕೇಸರಿಬಾತ್ ತರಿಸಿದರು. ನಾಳೆ ಹಾಕಿ ಬರೋಣ ಅಂದರು.

ನಾಳೆ ಬೇಡ ಅಂದೆ. ಇನ್ನೊಂದು ದಿನ ನೋಡೋಣ.

ಆಗಸ್ಟ್ 31

ಒಳ್ಳೆಯದಾಯಿತು. ಹನ್ನೊಂದೂವರೆಗೆ ಗೆರೆಯಲ್ಲಿ ಒಂದು ತುಂಡು... ಹೇಗೆ ಹೇಳುವುದು. ಓಡುತ್ತಿರುವ ಗೆರೆಯ ನಡುವೆ ಸ್ವಲ್ಪ ದೂರ ಚಪ್ಪಟೆ, ಆಮೇಲೆ ಮತ್ತೆ ಬಡಿತ. ವೈರ್ ಇದ್ದದ್ದು ಸುಷ್ಮಾಳ ಎದೆಯ ಮೇಲೆ, ಅವಳು ಅದನ್ನು ಮುಟ್ಟಿರಲಿಲ್ಲ. ಅವಳ ಎದೆ ನಿಂತಿರಲಿಲ್ಲ. "ನಾನಿನ್ನೂ ಇದೀನಿ ಸಾರ್" ಅಂದಳು, ಆದರೆ ಮುಖ ಬಿಳಿಚಿತ್ತು.

ಮೊದಲು ಸತ್ತವನನ್ನು ಬದುಕಿದ್ದಾನೆ ಅನ್ನುತ್ತಿತ್ತು. ಈಗ ಬದುಕಿದ್ದವನನ್ನು ಸತ್ತ ಅನ್ನುತ್ತದೆ.

ಸಂಜೆ ಪುಟ್ಟಸ್ವಾಮಿಯವರನ್ನು ನೋಡಿ ಬಂದೆ. ಅಂಬುಜಮ್ಮ ಅದೇ ಸ್ಟೂಲ್ ಮೇಲೆ. ಎಡಗೈ ಗಂಡನ ಮಣಿಕಟ್ಟಿನ ಮೇಲೆ, ಬಲಗೈಯಲ್ಲಿ ಇಡ್ಲಿ. ರಾತ್ರಿ ಪಾಳಿಯಲ್ಲಿ ನರ್ಸ್ ಪವಿತ್ರ ಹಿಡಿಯುತ್ತಾಳಂತೆ. "ಎಂಗದೆ ನಿಮ್ ಪೆಟ್ಗೆ? ವಾಸಿಯಾಯ್ತಾ?" ಪುಟ್ಟಸ್ವಾಮಿ ಕೇಳಿದರು. ಇನ್ನೂ ಇಲ್ಲ ಅಂದೆ. "ಅಂಗಾರೆ ಅದ್ನೂ ಪಕ್ಕದಲ್ ಮಲಗ್ಸಿ. ಡಾಕ್ಟ್ರು ಒಂದೇ ರೌಂಡಲ್ ಇಬ್ರನ್ನೂ ನೋಡ್ಲಿ."

ನಕ್ಕೆ. ಮಾತು ಮುಗಿಸುವಷ್ಟರಲ್ಲಿ ಅವರಿಗೆ ಉಸಿರು ಸಾಲದಾಗಿತ್ತು.

ಸೆಪ್ಟೆಂಬರ್ 3, ಮಂಗಳವಾರ

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಸುಳ್ಳು ಚಪ್ಪಟೆ ಆಗಾಗ ಬರುತ್ತಲೇ ಇತ್ತು.

ಇವತ್ತು ತಿಳಿಯಿತು. ಆ ಪುಟಕ್ಕೆ ಬಾಗಿಲು ಎರಡು. ಒಂದು, ನಾನು ಸುಷ್ಮಾಗೆ ಮಾಡಿಕೊಟ್ಟ ಮ್ಯಾಪ್. ಅಲ್ಲಿ ನಕಲು ಬೇಡವೆಂದು ಹೇಳಿದ್ದೇನೆ. ಇನ್ನೊಂದು, ಕರ್ನಲ್ ತನಗಾಗಿ ಮೊದಲಿನಿಂದಲೂ ಇಟ್ಟುಕೊಂಡಿರುವುದು. ಅದು ನಕಲು ಇಡುತ್ತದೆ, ಅದಕ್ಕೆ ಯಾರೂ ಏನೂ ಹೇಳಿಲ್ಲ. ಯಂತ್ರ ಶುರುವಾಗುವಾಗ ಡ್ರೈವರ್ ಆ ಬಾಗಿಲಿನಿಂದ ಪುಟಕ್ಕೆಲ್ಲ ಸೊನ್ನೆ ಬರೆಯುತ್ತದೆ. ಆ ಸೊನ್ನೆಗಳು ಪ್ರೊಸೆಸರ್ ಹತ್ತಿರ ಉಳಿದು, ಅದಕ್ಕೆ ಬಿಡುವಾದಾಗ ಪುಟಕ್ಕೆ ಹೋಗಿ ಕೂರುತ್ತವೆ. ಅಷ್ಟರಲ್ಲಿ ಬಂದಿದ್ದ ನಿಜವಾದ ಬಡಿತದ ಮೇಲೆ.

ಲಿಸ್ಟ್‌ನವರು ನಿಯಮ ಅರ್ಧ ಮಾತ್ರ ಹೇಳಿದ್ದರು. ಪೂರ್ತಿ ನಿಯಮ ಹೀಗೆ: ಸಾಧನ ಬರೆಯುವ ಪುಟ ಮಾಮೂಲಿ ಮೆಮೊರಿಯಲ್ಲೇ ಇದ್ದರೂ, ಇಂಥ ಪ್ರೊಸೆಸರ್‌ನಲ್ಲಿ ಅದನ್ನು ಯಾರಿಗೆಲ್ಲ ಮ್ಯಾಪ್ ಮಾಡಿದೆಯೋ ಅಷ್ಟೂ ಕಡೆ ಒಂದೇ ರೀತಿ ಮ್ಯಾಪ್ ಮಾಡಬೇಕು, ಕರ್ನಲ್ ತನಗೆ ಮಾಡಿಕೊಂಡಿರುವುದೂ ಸೇರಿ.

ಸದಾಶಿವಯ್ಯ ಓದಿದರು. "ಕರ್ನಲ್ ತನಗೆ ಮಾಡಿಕೊಂಡಿರುವುದೂ ಸೇರಿ... ಇದು ಕೊನೇಲಿ ಬೇಡ. ಮೊದಲೇ ಬರ್ಲಿ. ನನ್ನಂಥೋನು ಕೊನೇ ತನಕ ಓದಲ್ಲ." ಅವರೇ ತಿದ್ದಿದರು. ಮೇಲಿಂಗ್ ಲಿಸ್ಟ್‌ನಲ್ಲಿ ಇನ್ನೊಬ್ಬ, ದಾಖಲೆಗೆ ತಿದ್ದುಪಡಿ ಇದ್ದರೆ ನೀವೇ ಬರೆದು ಕಳಿಸಿ ಎಂದಿದ್ದ. ಕಳಿಸಿದೆ.

ಪುಟವನ್ನು ಪಡೆಯುವ ರೀತಿಯನ್ನೇ ಬದಲಿಸಿ, ಎರಡೂ ಬಾಗಿಲು ಒಂದೇ ಮಾಡಿದೆ. ಸುಷ್ಮಾ ಪರೀಕ್ಷೆಗೆ ಕೂತಿದ್ದಾಳೆ. ಬಾಯಿ ಮುಚ್ಚಿಸಿಯೂ, ತೆರೆಸಿಯೂ.

ಸೆಪ್ಟೆಂಬರ್ 5

ಎರಡು ದಿನ ಸುಳ್ಳಿಲ್ಲ. ಪೇಪರ್ ತುಂಬ ಕಾವೇರಿ ಗಲಾಟೆ. ಯಾವ ಹೊತ್ತಿಗೆ ರಸ್ತೆ ಬಂದ್ ಆಗುತ್ತದೋ ಎಂದು ಬೆಳಿಗ್ಗೆಯೇ ಹೊರಟೆವು.

ಡಾ. ಕೃಷ್ಣಸ್ವಾಮಿ ಎದುರಲ್ಲೇ ಹೊಸ ಡ್ರೈವರ್ ಹಾಕಿದೆ. ಗೆರೆ ಬಂತು. ಎಪ್ಪತ್ತಾರು. ಅಂಬುಜಮ್ಮ ಎಣಿಸಿ ಎಪ್ಪತ್ತಾರು ಅಂದರು. ಇನ್ನು ಅಲಾರಂ. ರೋಗಿಯ ಎದೆಯಿಂದಲೇ ವೈರ್ ಕೀಳಬೇಕು. ಹೆದರಬೇಡಿ, ಏನೂ ಆಗುವುದಿಲ್ಲ, ಗೆರೆ ನಿಲ್ಲುತ್ತದೆ, ಅದು ನಿಲ್ಲಲೇಬೇಕು ಎಂದು ಇಬ್ಬರಿಗೂ ವಿವರಿಸಿದೆ. ಪುಟ್ಟಸ್ವಾಮಿ ತಲೆಯಾಡಿಸಿದರು.

ಕಿತ್ತೆ.

ತಕ್ಷಣ ಮಲಗಿತು. ಕೆಂಪು ದೀಪ. ಅಲಾರಂ ಇಡೀ ವಾರ್ಡಿಗೆ ಕೇಳುವಂತೆ ಕೂಗಿತು. ಹದಿನೇಳು ದಿನದಿಂದ ಕಾದಿದ್ದ ಸದ್ದು. ನನಗರಿವಿಲ್ಲದೆ "ಬಂತು!" ಅಂದೆ. ನಗುತ್ತಿದ್ದೆ ಅನ್ನಿಸುತ್ತದೆ.

ತಿರುಗಿ ನೋಡಿದರೆ ಅಂಬುಜಮ್ಮ ಗಂಡನ ಕೈಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಾರೆ. ಕಣ್ಣು ಆ ಮಲಗಿದ ಗೆರೆಯ ಮೇಲೆ. ವಿವರಿಸಿದ್ದು ಯಾವುದೂ ಅವರಿಗೆ ತಲುಪಿರಲಿಲ್ಲ. ಪುಟ್ಟಸ್ವಾಮಿಯೇ "ಅಮ್ಮಿ, ಇಲ್ಲೇ ಇವ್ನಿ ಕಣೆ, ಇಲ್ಲೇ ಇವ್ನಿ" ಅನ್ನಬೇಕಾಯಿತು.

ವೈರ್ ವಾಪಸ್ ಅಂಟಿಸಿದೆ. ಸದಾಶಿವಯ್ಯ ಅಂಬುಜಮ್ಮನಿಗೆ ಕೈಮುಗಿದು ಹೊರಗೆ ಹೋದರು.

ಸೆಪ್ಟೆಂಬರ್ 6, ಮಧ್ಯಾಹ್ನ 2

ಚೀಟಿ ತೆಗೆಯಲು ಬಂದೆ. ನಿನ್ನೆ ಆ ಗಡಿಬಿಡಿಯಲ್ಲಿ ಮರೆತಿದ್ದೆ. ಡಾಕ್ಟರು ಆಗಬಹುದು ಅಂದಿದ್ದಾರೆ. ಅಂಚು ಎತ್ತುತ್ತಿದ್ದ ಹಾಗೆ ಅಂಬುಜಮ್ಮ, "ಅದ್ಯಾಕ್ ಕೀಳ್ತಿದೀರಿ?" ಅಂದರು.

"ಸರಿಯಾಗಿದೆಯಮ್ಮ. ಇನ್ನು ಹಿಡ್ಕೊಂಡು ಕೂರ್ಬೇಕಾಗಿಲ್ಲ. ಹೋಗಿ ಮಲಗಿ."

"ನಂಬಬ್ಯಾಡಿ ಅಂತ ಬರ್ದೋರು ನೀವೇ ಅಲ್ವಾ?"

"ಆಗ ಹಾಗಿತ್ತು. ಈಗ ನಂಬಬಹುದು."

"ಆಗ್ಲೂ ಇಂಗೇ ಹಸ್ರು ದೀಪ ಉರೀತಿತ್ತಲ್ಲಪ್ಪ. ಇದಕ್ಕೂ ಅದಕ್ಕೂ ನಂಗೆ ಎಂಗೆ ಗೊತ್ತಾಗ್ಬೇಕು?"

ಎಲ್ಲ ಹೇಳಬಹುದಿತ್ತು. ಪುಟ, ನಕಲು, ಎರಡು ಬಾಗಿಲು. ದಾಖಲೆಗೆ ಸೇರಲಿರುವ ಪ್ಯಾರಾ ಜೇಬಿನಲ್ಲೇ ಇತ್ತು. ಇಂಗ್ಲಿಷ್‌ನಲ್ಲಿ, ಎರಡರ್ಥಕ್ಕೆ ಜಾಗವಿಲ್ಲದ ಹಾಗೆ. ಹೊರಗೆ ತೆಗೆಯಲಿಲ್ಲ. ಎತ್ತಿದ ಅಂಚನ್ನು ಒತ್ತಿ ಮತ್ತೆ ಅಂಟಿಸಿದೆ.

ಬೆಳಿಗ್ಗೆಯಿಂದ ಅವರು ಏನೂ ತಿಂದಿಲ್ಲ. "ಹೋಗಿ ಊಟ ಮಾಡಿ ಬನ್ನಿ, ಅಲ್ಲಿವರೆಗೆ ನಾನು ಹಿಡಿದಿರ್ತೀನಿ" ಅಂದೆ. ನನ್ನ ಮುಖ ನೋಡಿದರು, ಆಮೇಲೆ ಬೆರಳುಗಳನ್ನು. ನನ್ನ ಕೈ ಹಿಡಿದು, ಎಲ್ಲಿ ಒತ್ತಬೇಕೆಂದು ತೋರಿಸಿ, ಸಿಕ್ತಾ ಎಂದು ಎರಡು ಸಲ ಕೇಳಿ ಹೋದರು.

ಪುಟ್ಟಸ್ವಾಮಿ ನಿದ್ದೆಯಲ್ಲಿದ್ದಾರೆ. ನನ್ನ ಎಡಗೈ ಅವರ ಮಣಿಕಟ್ಟಿನ ಮೇಲೆ. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಪರದೆ ಎಪ್ಪತ್ತೆರಡು ಅನ್ನುತ್ತಿದೆ. ಹಸಿರು ದೀಪ. ಎರಡು ದಿನ, ನೂರಾರು ಸಲ ಪರೀಕ್ಷಿಸಿದ್ದೇವೆ. ಸರಿ ಇದೆ. ಇದು ನನಗೆ ಗೊತ್ತು.

ಬೆರಳಿಗೆ ಸಿಗುತ್ತಿರುವುದು ಸ್ವಲ್ಪ ನಿಧಾನ ಅನ್ನಿಸುತ್ತಿದೆ. ಬರೆಯುತ್ತಾ ಎಣಿಸಿದ್ದಕ್ಕೆ ಇರಬಹುದು. ಪೆನ್ ಕೆಳಗಿಟ್ಟು ಇನ್ನೊಂದು ಸಲ—